ಹೆರಿಗೆಗೆ ಮುನ್ನ ಗಟ್ಟಿಗೊಳ್ಳಬೇಕಾದ ತಳಪಾಯ

ಹೆರಿಗೆಯೆಂದರೆ ಹೆಣ್ಣಿಗೆ ಮರುಜನ್ಮ ಎಂಬುದು ನಮ್ಮ ನಾಡಿನ ಹಳೆಯ ಮಾತು. ತಾಯಿ ಮಗು ಎರಡು ಜೀವವೂ ಉಳಿದು ಬಂದರೆ ಸಾಕೆಂದು ಮನೆಮಂದಿಯೆಲ್ಲ ಪ್ರಾರ್ಥಿಸುತ್ತಿದ್ದ ಕಾಲದಲ್ಲಿ ಹುಟ್ಟಿದ ಮಾತದು. ಇಂದು ಪರಿಸ್ಥಿತಿ ಬಹುಮಟ್ಟಿಗೆ ಸುಧಾರಿಸಿದೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿವೆ. ಇದು ಸಂತೋಷದ ಸಂಗತಿ. ಆದರೆ ಹೆತ್ತವಳು ಕ್ಷೇಮವಾಗಿ ಮನೆಗೆ ಬಂದಳು ಎಂಬಲ್ಲಿಗೆ ನಮ್ಮ ಕಾಳಜಿ ಮುಗಿದುಹೋಗುತ್ತದೆ. ಕೆಮ್ಮಿದಾಗ, ಸೀನಿದಾಗ, ನೀರಿನ ಕೊಡ ಎತ್ತಿದಾಗ ಆಕೆಗೆ ತಡೆಯಲಾಗದೆ ಮೂತ್ರ ಸೋರುತ್ತಿದೆಯೇ, ಸಂಜೆಯಾಗುತ್ತಲೇ ಕೆಳಹೊಟ್ಟೆ ಜಗ್ಗಿದಂತಾಗುತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ; ಆಕೆಯೂ ಹೇಳುವುದಿಲ್ಲ. ಬಲಿಪೂಜೆ ಮುಗಿಯುವ ತನಕ ಕುಳಿತಿರಲು ಧೈರ್ಯ ಸಾಲದೆ ದೇವಾಲಯದ ಬಾಗಿಲ ಬಳಿಯೇ ನಿಲ್ಲುವ, ಬಸ್ಸಿನ ಪ್ರಯಾಣಕ್ಕೆ ಅಂಜಿ ಹತ್ತಿರದ ನೆಂಟರ ಮದುವೆಯನ್ನೂ ತಪ್ಪಿಸುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಮಕ್ಕಳನ್ನು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂದು ಅವರು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುತ್ತಾರೆ. ಇದು ಹೆಣ್ಣಿನ ಹಣೆಬರಹವೆಂದು ತಿಳಿಯುವುದು ತಪ್ಪು. ಬಸುರಿನ ದಿನಗಳಲ್ಲಿಯೇ ಸಿದ್ಧತೆ ನಡೆಸಿದರೆ ಈ ತೊಂದರೆಯನ್ನು ಎಷ್ಟೋ ಮಟ್ಟಿಗೆ ತಡೆಯಬಹುದು. ಬಂದ ಮೇಲೂ ಚಿಕಿತ್ಸೆಯಿದೆ.

ಈ ಮೌನಕ್ಕೆ ಮೂಲ ಸಂಕೋಚ. ಧರ್ಮಸಭೆಯ ಚರಿತ್ರೆಯಲ್ಲಿಯೂ ಇಂತಹ ಸಂಕೋಚದ ಕಾಲವೊಂದಿತ್ತು. ಹೆರಿಗೆ ಮಾಡಿಸುವ ಕಾರ್ಯ ಕನ್ಯಾಸ್ತ್ರೀಯರಿಗೆ ತಕ್ಕುದಲ್ಲವೆಂಬ ಹಳೆಯ ನಿರ್ಬಂಧವನ್ನು ರೋಮ್ 1936ರ ಫೆಬ್ರವರಿ 11ರಂದು ಹೊರಡಿಸಿದ ಆದೇಶವೊಂದು ಸಡಿಲಿಸಿತು. ವಿಶೇಷವಾಗಿ ಧರ್ಮಪ್ರಚಾರ ಪ್ರಾಂತ್ಯಗಳಲ್ಲಿ ಭಗಿನಿಯರು ವೈದ್ಯವಿದ್ಯೆಯನ್ನೂ ಪ್ರಸೂತಿ ವಿದ್ಯೆಯನ್ನೂ ಕಲಿತು ತಾಯಂದಿರ ಸೇವೆ ಮಾಡಲು ಅದು ದಾರಿ ತೆರೆಯಿತು. ತಾಯಿಯ ಪ್ರಾಣದ ಮುಂದೆ ಸಂಕೋಚ ದೊಡ್ಡದಲ್ಲವೆಂದು ಅಂದೇ ಒಪ್ಪಿಕೊಂಡ ಮೇಲೆ, ಇಂದು ನಮ್ಮ ಮನೆಯೊಳಗೆ ಈ ಮಾತಾಡಲು ನಾಚಬೇಕಾದುದೇನೂ ಇಲ್ಲ.

ಕಣ್ಣಿಗೆ ಕಾಣದ ಆಧಾರ

ಶ್ರವಣಬೆಳಗೊಳಕ್ಕೆ ಹೋದವರಲ್ಲಿ ಕೆಲವರು ಅಲ್ಲಿಂದ ಉತ್ತರಕ್ಕೆ ಒಂದು ಮೈಲಿಯಷ್ಟು ದೂರದಲ್ಲಿರುವ ಜಿನನಾಥಪುರವನ್ನೂ ನೋಡಿ ಬರುವುದುಂಟು. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನು 12ನೆಯ ಶತಮಾನದಲ್ಲಿ ನೆಲೆಗೊಳಿಸಿದ ಊರಿದು. ಇಲ್ಲಿಯ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳು ಹೆಸರಾದುವು. ಊರಿನ ಇನ್ನೊಂದು ಬಸದಿಗೆ ಅರೆಗಲ್ಲು ಬಸದಿ ಎಂದು ಹೆಸರು. ಅರೆಯ ಮೇಲೆ, ಎಂದರೆ ಬಂಡೆಯ ಮೇಲೆ, ನಿಂತುದರಿಂದ ಬಂದ ಹೆಸರದು. ಗೋಡೆಯ ಶಿಲ್ಪವನ್ನು ಎಲ್ಲರೂ ಮೆಚ್ಚುತ್ತಾರೆ. ಭಾರ ಹೊತ್ತ ತಳವನ್ನು ನೋಡುವವರು ವಿರಳ. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ಕೇಳುತ್ತ ಬೆಳೆದ ನಮಗೆ ತಳಪಾಯದ ಮಹತ್ವವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಹೆಣ್ಣಿನ ದೇಹದಲ್ಲಿಯೂ ಅಂತಹ ಒಂದು ಆಧಾರವಿದೆ. ಸೊಂಟದ ಮೂಳೆಗಳು ಕೂಡಿ ಒಂದು ಬಟ್ಟಲಿನಂತೆ ಇರುತ್ತವೆ. ಆ ಬಟ್ಟಲಿಗೆ ಮೂಳೆಯ ತಳವಿಲ್ಲ. ಕಿಬ್ಬೊಟ್ಟೆಯ ಕೆಳಗಿನ ಮುಂಭಾಗದ ಮೂಳೆಯಿಂದ ಹಿಂದೆ ಬೆನ್ನುಮೂಳೆಯ ತುದಿಯ ಬಾಲದೆಲುಬಿನವರೆಗೆ ಹಾಸಿದ ಸ್ನಾಯುಗಳ ಪದರವೇ ಅದಕ್ಕೆ ತಳ. ಮಗುವನ್ನು ಹೊತ್ತ ಜೋಲಿಯಂತೆ ಅದು ಮೂತ್ರಕೋಶ, ಗರ್ಭಕೋಶ ಮತ್ತು ದೊಡ್ಡ ಕರುಳಿನ ಕೊನೆಯ ಭಾಗವನ್ನು ಹೊತ್ತುಕೊಂಡಿರುತ್ತದೆ. ಮೂತ್ರದ್ವಾರ, ಯೋನಿ ಮತ್ತು ಗುದದ್ವಾರಗಳು ಇದರ ಮೂಲಕವೇ ಹಾದುಹೋಗುತ್ತವೆ. ಬೇಕೆಂದಾಗ ಬಿಗಿದು ತಡೆಯುವುದೂ ಬೇಕಾದಾಗ ಸಡಿಲಿಸಿ ಬಿಡುವುದೂ ಇದರ ಕೆಲಸ. ವೈದ್ಯರು ಇದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ನಾವು ತಳದ ಸ್ನಾಯುಗಳು ಎಂದು ಕರೆಯೋಣ.

ಬಸುರಿನಲ್ಲಿ ಈ ಸ್ನಾಯುಗಳು ಎರಡು ಬಗೆಯಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ಒಂಬತ್ತು ತಿಂಗಳ ಕಾಲ ಬೆಳೆಯುತ್ತಲೇ ಹೋಗುವ ಭಾರವನ್ನು ಇವು ಹೊರಬೇಕು. ಅದೇ ಸಮಯದಲ್ಲಿ ದೇಹದಲ್ಲಿ ಹೆಚ್ಚುವ ಹಾರ್ಮೋನುಗಳು ಇವುಗಳ ಸುತ್ತಲಿನ ಕಟ್ಟುಗಳನ್ನು ಸಡಿಲಗೊಳಿಸುತ್ತವೆ. ಸಹಜ ಹೆರಿಗೆಯ ಗಳಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಸ್ನಾಯುವಿನ ಕೆಲವು ಭಾಗಗಳು ತಮ್ಮ ಉದ್ದದ ಮೂರು ಪಟ್ಟಿನಷ್ಟು ಹಿಗ್ಗುತ್ತವೆ. ಅನೇಕರಲ್ಲಿ ಅವು ತಿಂಗಳುಗಳೊಳಗೆ ಮತ್ತೆ ಬಲಗೊಳ್ಳುತ್ತವೆ. ಕೆಲವರಲ್ಲಿ ಸಡಿಲವಾಗಿಯೇ ಉಳಿಯುತ್ತವೆ. ಹೆತ್ತ ಮಹಿಳೆಯರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮೂತ್ರ ಸೋರುವ ತೊಂದರೆ ಕಾಣಿಸಿಕೊಳ್ಳುತ್ತದೆ ಎಂಬುದು ಜಗತ್ತಿನ ಹಲವು ದೇಶಗಳ ಅನುಭವ. ಸಿಸೇರಿಯನ್ ಆದವರು ತಮಗೆ ಇದರ ಚಿಂತೆಯಿಲ್ಲವೆಂದು ತಿಳಿಯಬಾರದು. ಮಗು ಹೊಟ್ಟೆಯ ಮೂಲಕ ಬಂದರೂ ಒಂಬತ್ತು ತಿಂಗಳ ಭಾರವನ್ನು ಹೊತ್ತದ್ದು ಇದೇ ಸ್ನಾಯುಗಳು.

ಅಭ್ಯಾಸದ ಕ್ರಮ

ಕೈಕಾಲಿನ ಸ್ನಾಯುಗಳಂತೆ ಇವನ್ನೂ ಅಭ್ಯಾಸದಿಂದ ಬಲಪಡಿಸಬಹುದೆಂದು 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ತೋರಿಸಿಕೊಟ್ಟರು. ಅವರ ಹೆಸರಿನಿಂದಲೇ ಈ ವ್ಯಾಯಾಮಗಳು ಇಂದಿಗೂ ಪ್ರಸಿದ್ಧ. 21 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಅನುಭವವನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯು, ಬಸುರಿನ ಆರಂಭದ ತಿಂಗಳುಗಳಲ್ಲಿಯೇ ಈ ಅಭ್ಯಾಸ ಕೈಗೊಂಡವರಲ್ಲಿ ಬಸುರಿನ ಕೊನೆಗೂ ಹೆರಿಗೆಯ ಅನಂತರದ ತಿಂಗಳುಗಳಲ್ಲಿಯೂ ಮೂತ್ರ ಸೋರುವ ತೊಂದರೆ ಕಡಿಮೆಯೆಂದು ಕಂಡುಕೊಂಡಿತು.

ಮೊದಲು ಆ ಸ್ನಾಯುಗಳನ್ನು ಗುರುತಿಸಬೇಕು. ನಾಲ್ಕು ಜನರ ನಡುವೆ ಕುಳಿತಿರುವಾಗ ಅಪಾನವಾಯುವನ್ನು ತಡೆಯಲು ಹಿಂಭಾಗವನ್ನು ಹೇಗೆ ಬಿಗಿದು ಒಳಕ್ಕೆ ಮೇಲಕ್ಕೆ ಎಳೆದುಕೊಳ್ಳುತ್ತೇವೆಯೋ ಹಾಗೆ ಬಿಗಿಯಬೇಕು. ಮೂತ್ರವನ್ನು ತಡೆಹಿಡಿಯುವಾಗಿನಂತೆ ಮುಂಭಾಗವನ್ನೂ ಅದರೊಡನೆ ಬಿಗಿಯಬೇಕು. ಪೃಷ್ಠ, ತೊಡೆ, ಹೊಟ್ಟೆಗಳನ್ನು ಗಟ್ಟಿಮಾಡಬಾರದು. ಉಸಿರನ್ನು ಹಿಡಿಯಬಾರದು. ಎದುರಿಗೆ ಕುಳಿತವರಿಗೆ ಏನೂ ತಿಳಿಯದಿದ್ದರೆ ಅಭ್ಯಾಸ ಸರಿಯಾಗಿದೆಯೆಂದು ಅರ್ಥ. ಮೂತ್ರ ವಿಸರ್ಜಿಸುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡುವುದು ಮಾತ್ರ ಒಳ್ಳೆಯದಲ್ಲ. ಅದರಿಂದ ಮೂತ್ರಕೋಶ ಪೂರ್ತಿ ಬರಿದಾಗದೆ ತೊಂದರೆಯಾಗುತ್ತದೆ.

ಹೀಗೆ ಬಿಗಿದು ಮೂರು ನಾಲ್ಕು ಎಣಿಸುವ ತನಕ ಹಿಡಿದು, ಅಷ್ಟೇ ಹೊತ್ತು ಪೂರ್ಣವಾಗಿ ಸಡಿಲ ಬಿಡಬೇಕು. ಒಂದು ಸರದಿಗೆ ಎಂಟರಿಂದ ಹತ್ತು ಸಲ. ದಿನಕ್ಕೆ ಮೂರು ಸರದಿ. ವಾರಗಳು ಕಳೆದಂತೆ ಹಿಡಿಯುವ ಅವಧಿಯನ್ನು ಹತ್ತು ಸೆಕೆಂಡುಗಳವರೆಗೆ ಏರಿಸಬಹುದು. ಕೊನೆಗೆ ಹತ್ತು ಸಲ ಚುರುಕಾಗಿ ಬಿಗಿದು ಬಿಡಬೇಕು. ಕೆಮ್ಮು ಸೀನುಗಳ ಗಳಿಗೆಯಲ್ಲಿ ನೆರವಿಗೆ ಬರುವುದು ಈ ಚುರುಕು ಬಿಗಿತವೇ. ಫಲ ಕಾಣಲು ಕನಿಷ್ಠ ಮೂರು ತಿಂಗಳ ನಿಯಮ ಬೇಕು. ಆದುದರಿಂದ ಮುಂಜಾನೆಯ ಕಾಫಿ, ಮಧ್ಯಾಹ್ನದ ಊಟ, ರಾತ್ರಿಯ ಮಲಗುವ ಸಮಯ, ಹೀಗೆ ಯಾವುದಾದರೂ ನಿಶ್ಚಿತ ವೇಳೆಗೆ ಇದನ್ನು ಜೋಡಿಸಿಕೊಳ್ಳುವುದು ಲೇಸು. ಬಿಗಿಯುವುದರಷ್ಟೇ ಸಡಿಲಿಸುವುದನ್ನೂ ಕಲಿಯಬೇಕೆಂಬುದನ್ನು ಮರೆಯಬಾರದು. ಹೆರಿಗೆಯ ಸಮಯದಲ್ಲಿ ಬೇಕಾದುದು ಆ ಸಡಿಲಿಕೆಯೇ. ಅಭ್ಯಾಸದಿಂದ ನೋವು ಉಂಟಾದರೆ ಅಥವಾ ರಕ್ತ ಕಾಣಿಸಿದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ತಳದ ಸ್ನಾಯುಗಳ ದೊಡ್ಡ ಶತ್ರು ಮಲಬದ್ಧತೆ. ಪ್ರತಿದಿನ ಕುಳಿತು ತಿಣುಕುವುದೆಂದರೆ ಸಡಿಲವಾದ ಜೋಲಿಯನ್ನು ಇನ್ನಷ್ಟು ಜಗ್ಗಿದಂತೆ. ರಕ್ತಹೀನತೆಯನ್ನು ತಡೆಯಲು ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ಕೆಲವರಿಗೆ ಮಲ ಗಟ್ಟಿಯಾಗುತ್ತದೆ. ಅದಕ್ಕಾಗಿ ಮಾತ್ರೆಯನ್ನು ಬಿಡುವುದು ಅಪಾಯಕರ. ರಾಗಿ ಮುದ್ದೆಯೊಡನೆ ಸೊಪ್ಪಿನ ಸಾರು, ಕಾಳು, ಹಣ್ಣು, ಸಾಕಷ್ಟು ನೀರು ಇವುಗಳಿಂದ ಸರಿಪಡಿಸಿಕೊಳ್ಳಬೇಕು. ಆಗದಿದ್ದರೆ ವೈದ್ಯರಿಗೆ ತಿಳಿಸಬೇಕು. ಬಹುದಿನದ ಕೆಮ್ಮಿಗೂ ಚಿಕಿತ್ಸೆ ಪಡೆಯಬೇಕು. ಹುಲ್ಲಿನ ಹೊರೆ, ಹಾಲಿನ ಕ್ಯಾನು, ತೆಂಗಿನಕಾಯಿಯ ಮೂಟೆಗಳನ್ನು ಎತ್ತುವ ಕೆಲಸವನ್ನು ಈ ತಿಂಗಳುಗಳಲ್ಲಿ ಮನೆಯ ಗಂಡಸರು ವಹಿಸಿಕೊಳ್ಳಲಿ.

ಚೊಚ್ಚಲ ಬಸುರಿಯರಿಗೆ ಇನ್ನೊಂದು ಸಿದ್ಧತೆಯೂ ಉಂಟು. 35ನೆಯ ವಾರದಿಂದ ಮುಂದಕ್ಕೆ ವಾರಕ್ಕೆ ಒಂದೆರಡು ಸಲ, ಕೈಯನ್ನು ಚೆನ್ನಾಗಿ ತೊಳೆದುಕೊಂಡು, ಶುದ್ಧವಾದ ಎಣ್ಣೆಯಿಂದ ಯೋನಿಯ ಕೆಳ ಅಂಚನ್ನು ಮೃದುವಾಗಿ ನೀವಿ ಹಿಗ್ಗಿಸುತ್ತ ಬಂದರೆ ಹೆರಿಗೆಯಲ್ಲಿ ಕತ್ತರಿಸಿ ಹೊಲಿಗೆ ಹಾಕುವ ಸಂದರ್ಭ ಕಡಿಮೆಯಾಗುತ್ತದೆಯೆಂದು ಅಧ್ಯಯನಗಳು ತೋರಿಸಿವೆ. ಇದನ್ನು ಆರಂಭಿಸುವ ಮೊದಲು ವೈದ್ಯರ ಅಥವಾ ದಾದಿಯರ ಸಲಹೆ ಪಡೆಯುವುದು ಸೂಕ್ತ.

ನೋವು ಮತ್ತು ಅಂಜಿಕೆ

ಹೆರಿಗೆಯ ನೋವನ್ನು ಅನುಭವಿಸಲೇಬೇಕು, ಅದನ್ನು ತಗ್ಗಿಸುವುದು ದೇವರ ಇಚ್ಛೆಗೆ ವಿರುದ್ಧ ಎಂಬ ತಿಳಿವಳಿಕೆ ಕೆಲವು ಭಕ್ತ ಕುಟುಂಬಗಳಲ್ಲಿ ಇನ್ನೂ ಉಳಿದಿದೆ. ಏವಳಿಗೆ ದೇವರು ಆಡಿದ ಮಾತನ್ನು ಅದಕ್ಕೆ ಆಧಾರವಾಗಿ ತೋರಿಸುತ್ತಾರೆ. ಈ ಪ್ರಶ್ನೆಗೆ ಜಗದ್ಗುರು ಹನ್ನೆರಡನೆಯ ಪಯಸ್ ಅವರು 1956ರ ಜನವರಿ 8ರಂದು ಸ್ತ್ರೀರೋಗ ತಜ್ಞರನ್ನುದ್ದೇಶಿಸಿ ಮಾಡಿದ ಭಾಷಣದಲ್ಲಿಯೇ ಉತ್ತರ ಕೊಟ್ಟಿದ್ದಾರೆ. ಹೆರಿಗೆಯನ್ನು ಹಗುರಗೊಳಿಸುವ, ನೋವನ್ನು ತಗ್ಗಿಸುವ ಸಾಧನಗಳನ್ನು ತಾಯಂದಿರು ಬಳಸಬಾರದೆಂದು ದೇವರು ಆ ಮಾತಿನಿಂದ ನಿಷೇಧಿಸಿಲ್ಲವೆಂದು ಅವರು ಸ್ಪಷ್ಟಪಡಿಸಿದರು.

ಅಂದು ಅವರ ಮುಂದಿದ್ದ ವಿಷಯ, ತಾಯಿಗೆ ಹೆರಿಗೆಯ ಕ್ರಮವನ್ನು ಮುಂಚಿತವಾಗಿ ಕಲಿಸಿ, ಉಸಿರಾಟ ಮತ್ತು ಸಡಿಲಿಕೆಯ ಅಭ್ಯಾಸದಿಂದ ನೋವನ್ನು ತಗ್ಗಿಸುವ ಪದ್ಧತಿ. ಇಂಗ್ಲೆಂಡಿನ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲಿಯೇ ಹೇಳಿದ್ದ ಸಂಗತಿಯೂ ಅದೇ. ಅಂಜಿಕೆಯಿಂದ ಮೈ ಬಿಗಿಯುತ್ತದೆ, ಬಿಗಿದ ಮೈಯಲ್ಲಿ ನೋವು ಹೆಚ್ಚುತ್ತದೆ, ಹೆಚ್ಚಿದ ನೋವು ಇನ್ನಷ್ಟು ಅಂಜಿಸುತ್ತದೆ. ಈ ಸುಳಿಯನ್ನು ಕಡಿಯುವುದು ತಿಳಿವಳಿಕೆ. ಬೇನೆ ಏರುವಾಗ ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಬಾಯಿಯಿಂದ ಅದಕ್ಕಿಂತ ದೀರ್ಘವಾಗಿ ಬಿಡುತ್ತ, ದವಡೆ, ಭುಜ, ತಳದ ಸ್ನಾಯುಗಳನ್ನು ಸಡಿಲಿಸುವುದನ್ನು ಏಳನೆಯ ತಿಂಗಳಿನಿಂದಲೇ ರೂಢಿಸಿಕೊಳ್ಳಬಹುದು. ಇಷ್ಟಾದರೂ ನೋವು ತಡೆಯಲಾಗದೆ ಔಷಧಿ ಬೇಕಾದರೆ, ಸಿಸೇರಿಯನ್ ಅನಿವಾರ್ಯವಾದರೆ, ತಾನು ಸೋತೆನೆಂದು ಯಾವ ತಾಯಿಯೂ ಭಾವಿಸಬೇಕಾಗಿಲ್ಲ.

ಹೆರಿಗೆಯ ಕೋಣೆಯಲ್ಲಿ

ಹೆರಿಗೆಗೆ ಮೂರು ಹಂತ. ಗರ್ಭಕೋಶದ ಬಾಯಿ ಹತ್ತು ಸೆಂಟಿಮೀಟರಿನಷ್ಟು ತೆರೆಯುವ ತನಕ ಮೊದಲನೆಯದು. ಮಗು ಹುಟ್ಟುವ ತನಕ ಎರಡನೆಯದು. ಮಾಸು ಬೀಳುವ ತನಕ ಮೂರನೆಯದು. ಬಾಯಿ ಐದು ಸೆಂಟಿಮೀಟರ್ ತೆರೆದ ಮೇಲೆಯೇ ಬೇನೆ ಚುರುಕಾಗುತ್ತದೆಯೆಂದೂ, ಅಲ್ಲಿಂದ ಮುಂದೆ ಚೊಚ್ಚಲ ಹೆರಿಗೆಯಲ್ಲಿ ಮೊದಲ ಹಂತ ಸಾಮಾನ್ಯವಾಗಿ ಹನ್ನೆರಡು ಗಂಟೆಗಳನ್ನು ಮೀರುವುದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ತಿಳಿಸಿದೆ. ಬೇನೆಯ ಸಮಯದಲ್ಲಿ ಓಡಾಡುವುದು, ಕುಳಿತುಕೊಳ್ಳುವುದು, ಪಕ್ಕಕ್ಕೆ ಹೊರಳಿ ಮಲಗುವುದು ಒಳ್ಳೆಯದು. ಮಗುವನ್ನು ತಳ್ಳುವಾಗಲೂ ತಾಯಿಗೆ ಒಗ್ಗುವ ಭಂಗಿಯೇ ಉತ್ತಮವೆಂಬುದು ಆ ಸಂಸ್ಥೆಯ ಸಲಹೆ. ಎಲ್ಲರಿಗೂ ವಾಡಿಕೆಯಂತೆ ಯೋನಿಯ ಅಂಚನ್ನು ಕತ್ತರಿಸುವುದಾಗಲಿ, ಮಗು ಬೇಗ ಬರಲೆಂದು ಹೊಟ್ಟೆಯನ್ನು ಮೇಲಿನಿಂದ ಒತ್ತುವುದಾಗಲಿ ಸಲ್ಲದೆಂದು ಅದು ಹೇಳುತ್ತದೆ. ತಳದ ಸ್ನಾಯುಗಳ ಹಿತಕ್ಕೆ ಈ ಮಾತುಗಳು ನೇರವಾಗಿ ಸಂಬಂಧಿಸಿವೆ. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮುನ್ನವೇ ಮುಕ್ಕತೊಡಗಬಾರದು. ಮುಕ್ಕಬೇಕೆಂಬ ಒತ್ತಡ ತಾನಾಗಿ ಬಂದಾಗ ದಾದಿಯರ ಮಾತಿನಂತೆ ನಡೆಯಬೇಕು.

ಬೇನೆ ತಿನ್ನುವವಳನ್ನು ಒಂಟಿಯಾಗಿ ಬಿಡಬಾರದೆಂಬುದು ನಮ್ಮ ಹಳ್ಳಿಗಳಿಗೆ ಮೊದಲೇ ಗೊತ್ತಿತ್ತು. ತುಮಕೂರು ಜಿಲ್ಲೆಯ ಪಾವಗಡ ಸೀಮೆಯಲ್ಲಿ ಏಳು ದಶಕಗಳ ಕಾಲ ಹದಿನೈದು ಸಾವಿರಕ್ಕೂ ಮೀರಿ ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಗೌರವ ಸಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಇಂದು ಹೆರಿಗೆ ಆಸ್ಪತ್ರೆಗೆ ಹೋಗಿರುವುದು ಸರಿಯೇ. ಆದರೆ ಪಕ್ಕದಲ್ಲಿ ಕುಳಿತು ಬೆನ್ನು ನೀವಿ ಧೈರ್ಯ ಹೇಳುವ ಕೈಯನ್ನು ನಾವು ಮನೆಯಲ್ಲಿಯೇ ಬಿಟ್ಟುಹೋಗಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ತಾಯಿಯೊಡನೆ ಒಬ್ಬ ಸಂಗಾತಿ ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿಯೇ ಅವಕಾಶ ಕಲ್ಪಿಸಿದೆ. ತಾನು ಹೆತ್ತು ಅನುಭವವಿರುವ ಅತ್ತೆ, ಅಕ್ಕ, ಚಿಕ್ಕಮ್ಮ ಇವರಲ್ಲಿ ಯಾರು ಜೊತೆಗಿರಬೇಕೆಂಬುದನ್ನು ಮೊದಲೇ ನಿಶ್ಚಯಿಸಿ ಆಸ್ಪತ್ರೆಯವರೊಡನೆ ಮಾತಾಡಿರಬೇಕು. ಬಸುರಿಯಾದ ಎಲಿಜಬೇತಳ ಮನೆಯಲ್ಲಿ ಮಾತೆ ಮರಿಯಾ ಸುಮಾರು ಮೂರು ತಿಂಗಳು ಉಳಿದುದನ್ನು ಇಲ್ಲಿ ನೆನೆಯಬಹುದು.

ದಾರಿಯ ಸಿದ್ಧತೆ

ಜಿನನಾಥಪುರದಂತಹ ಊರಿನಲ್ಲಿರುವ ಬಸುರಿಗೆ ದೂರದ ಲೆಕ್ಕವೂ ಸಿದ್ಧತೆಯ ಒಂದು ಭಾಗ. ಶ್ರವಣಬೆಳಗೊಳ ಕಾಲ್ನಡಿಗೆಯ ದೂರ. ಅಲ್ಲಿಂದ ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆ ಸುಮಾರು 12 ಕಿಲೋಮೀಟರ್. ಹೆಚ್ಚಿನ ಚಿಕಿತ್ಸೆ ಬೇಕಾದರೆ, 2006ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿರುವ ಹಾಸನ ಅಲ್ಲಿಂದ ಮತ್ತೂ 40 ಕಿಲೋಮೀಟರಿಗೆ ಸಮೀಪ. ಅರಕಲಗೂಡು, ಹೊಳೆನರಸೀಪುರ ಸೀಮೆಯ ಒಳಹಳ್ಳಿಗಳ ಪಾಡೂ ಇದೇ. ನಡುರಾತ್ರಿ ಬೇನೆ ಆರಂಭವಾದರೆ ಯಾರ ವಾಹನ, ಯಾವ ಆಸ್ಪತ್ರೆ, ಮನೆಯಲ್ಲಿ ದೊಡ್ಡ ಮಗುವನ್ನು ಯಾರು ನೋಡಿಕೊಳ್ಳುವರು ಎಂಬುದನ್ನು ಎಂಟನೆಯ ತಿಂಗಳೊಳಗೆ ನಿರ್ಧರಿಸಿರಬೇಕು. ತಾಯಿ ಕಾರ್ಡ್, ಹಳೆಯ ತಪಾಸಣೆಯ ಚೀಟಿಗಳು, ಶುಭ್ರವಾದ ಹತ್ತಿಯ ಬಟ್ಟೆಗಳು ಒಂದು ಚೀಲದಲ್ಲಿ ಸಿದ್ಧವಿರಲಿ. 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಸೇವೆಯನ್ನು ಕರೆಯಲು ಹಿಂಜರಿಯಬಾರದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಸುವ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. ಮೂತ್ರ ಸೋರುವಿಕೆಯ ಬಗ್ಗೆ ಅಂದೇ ಕೇಳಿಬಿಡಬಹುದು.

ಕೆಲವು ಸೂಚನೆಗಳಲ್ಲಿ ಕಾಯುವಂತೆಯೇ ಇಲ್ಲ. ರಕ್ತಸ್ರಾವ, ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಬಾವು, ಫಿಟ್ಸ್, ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವುದು, ಬೇನೆಯಿಲ್ಲದೆಯೇ ನೀರಿನ ಚೀಲ ಒಡೆಯುವುದು ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೆ ಆಸ್ಪತ್ರೆಗೆ ಹೊರಡಬೇಕು.

ಬಾಣಂತನದ ಆರು ವಾರಗಳು

ನಮ್ಮ ಬಾಣಂತನದ ಪದ್ಧತಿಯಲ್ಲಿ ಬಹಳ ಒಳ್ಳೆಯ ಅಂಶವೆಂದರೆ ವಿಶ್ರಾಂತಿ. ಹಿಗ್ಗಿದ ಸ್ನಾಯುಗಳು ಕೂಡಿಕೊಳ್ಳಲು ಬೇಕಾದುದೂ ಅದೇ. ಆದರೆ ಬಾಣಂತಿಗೆ ನೀರು ಕುಡಿಯಗೊಡದಿರುವುದು, ಸೊಪ್ಪು ತರಕಾರಿಗಳನ್ನು ನಿಲ್ಲಿಸುವುದು ಮಲಬದ್ಧತೆಗೆ ದಾರಿ. ಹೊಲಿಗೆಯಿದ್ದವಳಿಗಂತೂ ಅದು ಹಿಂಸೆ. ಹೊಟ್ಟೆಗೆ ಬಟ್ಟೆಯನ್ನು ಉಸಿರುಕಟ್ಟುವಷ್ಟು ಬಿಗಿಯಾಗಿ ಕಟ್ಟಿದರೆ ಒತ್ತಡವೆಲ್ಲ ತಳಕ್ಕೆ ಇಳಿಯುತ್ತದೆ. ಸಹಜ ಹೆರಿಗೆಯಾದವರು ನೋವಿಲ್ಲದಷ್ಟು ಮಟ್ಟಿಗೆ ಕೆಲವೇ ದಿನಗಳಲ್ಲಿ ಬಿಗಿಯುವ ಅಭ್ಯಾಸವನ್ನು ಮತ್ತೆ ಆರಂಭಿಸಬಹುದು. ಮೂತ್ರದ ಕೊಳವೆ ಹಾಕಿದ್ದರೆ ಅದನ್ನು ತೆಗೆದ ಅನಂತರ ಆರಂಭಿಸಬೇಕು. ಮೊದಲ ಆರು ವಾರಗಳಲ್ಲಿ ಮಗುವಿಗಿಂತ ಭಾರವಾದುದನ್ನು ಎತ್ತದಿರುವುದು ಉತ್ತಮ. ಕೂಲಿ ಮಾಡುವ ಬಡ ಮನೆಗಳಲ್ಲಿ ಈ ವಿಶ್ರಾಂತಿ ಸುಲಭವಲ್ಲ. ನೆರೆಹೊರೆಯವರ ನೆರವು ನಿಜವಾಗಿ ಬೇಕಾದುದು ಅಲ್ಲಿಯೇ.

ಆರು ವಾರ ಕಳೆದ ಮೇಲಿನ ತಪಾಸಣೆಗೆ ಮಗುವಿನೊಡನೆ ತಾಯಿಯೂ ಹೋಗಬೇಕು. ಮೂರು ತಿಂಗಳ ಕ್ರಮಬದ್ಧ ಅಭ್ಯಾಸದ ಅನಂತರವೂ ಮೂತ್ರ ಅಥವಾ ಮಲ ಸೋರುತ್ತಿದ್ದರೆ, ಯೋನಿಯಲ್ಲಿ ಏನೋ ಇಳಿದು ಬಂದಂತೆ ಅನಿಸಿದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಗರ್ಭಕೋಶ ಸ್ವಲ್ಪ ಜಾರಿದ್ದರೆ ವ್ಯಾಯಾಮದಿಂದಲೇ ಎಷ್ಟೋ ಗುಣ ಕಾಣುತ್ತದೆ. ಹೆಚ್ಚಾಗಿದ್ದರೆ ಒಳಗೆ ಇರಿಸುವ ಬಳೆಯಂತಹ ಸಾಧನವಿದೆ, ಶಸ್ತ್ರಚಿಕಿತ್ಸೆಯೂ ಇದೆ. ಇಪ್ಪತ್ತು ವರ್ಷಗಳ ಹಿಂದೆ ಹೆತ್ತವರಿಗೂ ಈ ಮಾತು ಅನ್ವಯಿಸುತ್ತದೆ. ಸ್ನಾಯುಗಳು ಯಾವ ವಯಸ್ಸಿನಲ್ಲಿಯೂ ಅಭ್ಯಾಸಕ್ಕೆ ಒಗ್ಗುತ್ತವೆ.

1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿದ ನಮ್ಮ ಹಾಸನ ಜಿಲ್ಲೆಯ ಧರ್ಮಕೇಂದ್ರಗಳಲ್ಲಿ ಮದುವೆಗೆ ಮುನ್ನ ವಧೂವರರಿಗೆ ಸಿದ್ಧತಾ ಶಿಬಿರಗಳು ನಡೆಯುತ್ತವೆ. ಅಲ್ಲಿ ಒಂದು ಗಂಟೆಯನ್ನು ಈ ವಿಷಯಕ್ಕೆ ಮೀಸಲಿಟ್ಟು, ಒಬ್ಬ ವೈದ್ಯೆಯನ್ನೋ ಅನುಭವಿ ದಾದಿಯನ್ನೋ ಕರೆಸಿ ಮಾತಾಡಿಸಬಹುದು. ವರನೂ ಅಲ್ಲಿ ಕುಳಿತು ಕೇಳಲಿ. ಸ್ತ್ರೀಯರ ಸಂಘಗಳು ಆಶಾ ಕಾರ್ಯಕರ್ತೆಯನ್ನು ಒಂದು ದಿನ ಆಹ್ವಾನಿಸಬಹುದು. ಅದಕ್ಕೂ ಮೊದಲು ಈ ವಾರವೇ ಮಾಡಬಹುದಾದ ಒಂದು ಕೆಲಸವಿದೆ. ಮನೆಯ ಮಗಳು, ಸೊಸೆ, ತಾಯಿ ಇವರೊಡನೆ ಬಿಡುವಾಗಿ ಕುಳಿತು, ನಿನ್ನ ಆರೋಗ್ಯ ಹೇಗಿದೆ, ಏನಾದರೂ ತೊಂದರೆಯಿದೆಯೇ ಎಂದು ಕೇಳುವುದು. ವರ್ಷಗಟ್ಟಲೆ ನುಂಗಿಕೊಂಡ ಉತ್ತರವೊಂದು ಆ ಪ್ರಶ್ನೆಗಾಗಿಯೇ ಕಾದಿರಬಹುದು.